ಮೂಲೆ ಬಿಟ್ಟ ಸ್ಪೀಕರುಗಳು

ಹೊಸ ಕೋಣೆಯ ಎಡಮೂಲೆಯಲ್ಲಿ ಬಾಗಿಲಿತ್ತು. ಎಲ್ಲ ಕೆಟ್ಟದ್ದು ಅಲ್ಲಿಂದಲೇ. ಆ ಬಾಗಿಲು ಒಂದು ಗಜ ಆಚೆಗಿದ್ದಿದ್ದರೆ ಮೇಷ್ಟ್ರು ಏನೂ ತಿಳಿಯದೆ ನೆಮ್ಮದಿಯಾಗಿ ಕಣ್ಣುಮುಚ್ಚುತ್ತಿದ್ದರು. ನಾನೂ ನನ್ನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುತ್ತಿದ್ದೆ.

ಮೇಷ್ಟ್ರು ಎಂದರೆ ಪ್ಯೊ ಮಾನ್‌ಸಿಕ್. ಎಂಬತ್ತೆರಡು ವಯಸ್ಸು. ಕೊರಿಯಾದ ರಾಜಧಾನಿ ಸೋಲ್‌ನ ಜೋಂಗ್ನೊದಲ್ಲಿ ನಲವತ್ತೈದು ವರ್ಷ ಹಾಡು ಮುದ್ರಿಸುವ ಸ್ಟುಡಿಯೊ ನಡೆಸಿದವರು. ನಾನು ಮೆಂಗ್, ಇಪ್ಪತ್ತನೇ ವಯಸ್ಸಿಗೆ ಅವರ ಬಳಿ ವೈರು ಸುತ್ತಲು ಸೇರಿದವನು, ಈಗ ಮಂಡಿ ಹಿಡಿದುಕೊಂಡು ಏಳುವವನು. ಹಳೆಯ ಕಟ್ಟಡ ಕೆಡವುತ್ತೇವೆಂದು ನೋಟಿಸು ಬಂದದ್ದರಿಂದ ಅದೇ ಊರಿನ ಮಾಂಗ್ವನ್‌ನ ಈ ಕೋಣೆಗೆ ಸಾಮಾನು ಸಾಗಿಸಿದ್ದೆವು.

"ಸ್ಪೀಕರ್ ಎರಡನ್ನೂ ಮೂಲೆಗೆ ತಳ್ಳು. ಅಲ್ಲಿದ್ದ ಹಾಗೇ ಇರ್ಬೇಕು," ಎಂದರು ಮೇಷ್ಟ್ರು.

"ಒಂದು ಮೂಲೇಲಿ ಬಾಗಿಲಿದೆ ಮೇಷ್ಟ್ರೇ. ಅಡ್ಡ ಇಟ್ರೆ ಊಟ ತರೋನು ಹೊರಗೇ ನಿಲ್ತಾನೆ."

"ನಿಂಗೆ ಯಾವಾಗ್ಲೂ ಊಟದ್ದೇ ಚಿಂತೆ."

"ಜಾಗ ಬದಲಾಯಿಸಿದ ದಿನ ಕಪ್ಪು ಗೊಜ್ಜಿನ ನೂಡಲ್ಸ್ ತಿನ್ನದೆ ಇರೋಕಾಗುತ್ತಾ?"

ಮೇಷ್ಟ್ರು ಗೊಣಗಿಕೊಂಡೇ ಒಪ್ಪಿದರು. ಎರಡೂ ಸಮ ಇರಬೇಕಾದ್ದರಿಂದ ಎರಡನ್ನೂ ಗೋಡೆಯಿಂದ ಒಂದು ಗಜ ಮುಂದಕ್ಕೆ ತಂದೆ. ದಾರ ಹಿಡಿದು ಅಳೆದೆ. ಸ್ಪೀಕರಿನಿಂದ ಸ್ಪೀಕರಿಗೆ ಎಷ್ಟೋ, ಒಂದೊಂದರಿಂದ ಮೇಷ್ಟ್ರ ಕುರ್ಚಿಗೂ ಅಷ್ಟೇ ಇರಬೇಕು. ಆಮೇಲೆ ಎರಡರ ಮುಖವನ್ನೂ ಅವರ ಕಡೆಗೆ ತಿರುಗಿಸಿದೆ. ದನಿ ಅವರ ಕಿವಿಯ ಮಟ್ಟಕ್ಕೆ ಬರಲೆಂದು ಸ್ಟ್ಯಾಂಡನ್ನು ಹಳೆಯ ಎತ್ತರಕ್ಕಿಂತ ನಾಲ್ಕು ಬೆರಳು ಇಳಿಸಬೇಕಾಯಿತು. ಮೇಷ್ಟ್ರು ಅಷ್ಟು ಕುಗ್ಗಿದ್ದರು. ಕೈ ತನ್ನ ಕೆಲಸ ಮಾಡುತ್ತಿತ್ತು, ನಾನು ಮಾತ್ರ ಈ ಕೆಲಸ ಮುಗಿಯದೇ ಇರಲಿ ಎಂದುಕೊಳ್ಳುತ್ತಿದ್ದೆ.

ಯಾಕೆಂದರೆ ನಮ್ಮಲ್ಲಿ ಒಂದು ವೈರು ಬದಲಿಸಿದರೂ ಮೊದಲು ಹಾಕಿ ಕೇಳುವುದು ಓಕ್‌ರಿಮ್‌ಳ ಹಾಡನ್ನೇ. ಓಕ್‌ರಿಮ್ ಮೇಷ್ಟ್ರ ಒಬ್ಬಳೇ ಮಗಳು. ತಾಯಿಯಿಲ್ಲದೆ ಆ ಸ್ಟುಡಿಯೊದ ಸೋಫಾದ ಮೇಲೆಯೇ ಬೆಳೆದವಳು. ಬಿಸಿಗಂಜಿ ಕುಡಿದಂತೆ ಮೈಗೆಲ್ಲ ಹಿತವಾಗುವ ದನಿ. ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರ ನಡುವೆ ಮೂರು ಕ್ಯಾಸೆಟ್ಟು ಮಾಡಿದಳು, ಮೂರೂ ಮಕಾಡೆ ಮಲಗಿದವು.

ಎರಡನೆಯದು ಬಂದ ವಸಂತದಲ್ಲಿ ನಾನು ಬೂಸಾನ್‌ಗೆ ಹೋಗುತ್ತಿದ್ದೆ. ಹೆದ್ದಾರಿಯ ತಂಗುದಾಣದ ಕ್ಯಾಸೆಟ್ ಅಂಗಡಿಯಲ್ಲಿ ಅವಳ ಹಾಡು ಹಾಕಿದ್ದರು. ಒಬ್ಬ ಲಾರಿ ಡ್ರೈವರ್ ಮೀನಿನ ಬೋಂಡ ಅಗಿಯುತ್ತ, "ಈ ಹುಡುಗಿಗೆ ಮನೇಲಿ ಯಾರೂ ಊಟ ಹಾಕಲ್ವಾ?" ಎಂದ. ಸುತ್ತ ಇದ್ದವರು ನಕ್ಕರು. ನಗುವಂತೆಯೇ ಇತ್ತು. ದನಿ ಸೊರಗಿ ಸೂಜಿಯಾಗಿತ್ತು.

ಅಲ್ಲೇ ನನಗೆ ಹೊಳೆಯಿತು. ಮೂಲೆಗೆ ಒತ್ತಿದ ಸ್ಪೀಕರು ತಗ್ಗು ಸ್ವರವನ್ನು ಉಬ್ಬಿಸುತ್ತದೆ. ಮೇಷ್ಟ್ರು ಆ ಉಬ್ಬು ಮಗಳ ದನಿಯದೇ ಎಂದು ತಿಳಿದು, ಗುಂಡಿ ತಿರುಗಿಸಿ ತಿರುಗಿಸಿ ಅದನ್ನು ಕತ್ತರಿಸಿದ್ದರು. ಕೋಣೆಯೊಳಗೆ ಅದು ಹದವಾಗಿ ಕೇಳಿತು. ಕ್ಯಾಸೆಟ್ಟು ಹೊರಗೆ ಹೋದಾಗ ಉಬ್ಬು ಕೋಣೆಯಲ್ಲೇ ಉಳಿಯಿತು, ಕತ್ತರಿ ಬಿದ್ದದ್ದು ಮಾತ್ರ ಅವಳ ಜೊತೆ ಹೋಯಿತು. ನಮ್ಮಲ್ಲಿ ಹಾಡುತ್ತಿದ್ದ ಉಳಿದವರೆಲ್ಲ ಗಡಸು ಗಂಟಲಿನ ಗಂಡಸರು, ಅವರಿಗೆ ಅದರಿಂದ ಒಳ್ಳೆಯದೇ ಆಯಿತು. ಸಂತೆಯ ಗದ್ದಲದಲ್ಲೂ ಪ್ಯೊ ಮೇಷ್ಟ್ರ ಕೆಲಸ ಸ್ಪಷ್ಟವಾಗಿ ಕೇಳುತ್ತದೆ ಎಂದು ಹೆಸರು ಬಂದದ್ದೇ ಈ ತಪ್ಪಿನಿಂದ.

ವಾಪಸು ಬಂದು ಹೇಳಬೇಕಿತ್ತು. ಸ್ಪೀಕರಿನ ಸುದ್ದಿ ಎತ್ತಿದವನಿಗೆ ಮೇಷ್ಟ್ರು ಒಮ್ಮೆ ಹೆಡ್‌ಫೋನಿನಿಂದಲೇ ಬಾರಿಸಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹೇಡಿ ನಾನು, ಬೇರೆ ಮಾತೇಕೆ. ಮೂರನೆಯದೂ ಬಿದ್ದಾಗ ಮೇಷ್ಟ್ರು ನಮ್ಮೆಲ್ಲರ ಎದುರೇ ಅವಳಿಗೆ, "ಹೊರಗೆ ನಿಲ್ಲೋ ದನಿ ಅಲ್ಲಮ್ಮ ನಿಂದು, ಬಿಟ್ಬಿಡು," ಎಂದರು. ಅವಳು ಬಿಟ್ಟಳು. ಗುನ್ಸಾನ್‌ಗೆ ಮದುವೆಯಾಗಿ ಹೋಗಿ, ಮಾರುಕಟ್ಟೆಯಲ್ಲಿ ಕಿಮ್ಚಿ, ಪಲ್ಯ ಮಾರುವ ಅಂಗಡಿ ಇಟ್ಟಳು. ಕತ್ತರಿಸದ ಮೂಲ ಟೇಪುಗಳ ಮೇಲೆ ನಾವು ಬೇರೆಯವರ ಹಾಡು ತುಂಬಿಸಿದೆವು. ಆ ಕಾಲದಲ್ಲಿ ಟೇಪಿಗೆ ಅಷ್ಟು ಬರ.

ಈಗ ಹೊಸ ಕೋಣೆಯಲ್ಲಿ, ಮೂಲೆ ಬಿಟ್ಟು ಬಂದ ಸ್ಪೀಕರುಗಳಲ್ಲಿ, ಅವಳ ಹಾಡು ಶುರುವಾಯಿತು. ತಂಗುದಾಣದಲ್ಲಿ ಕೇಳಿದ್ದೇ ದನಿ.

ಮೇಷ್ಟ್ರು ತಲೆ ಓರೆ ಮಾಡಿದರು. "ಟೇಪು ಸವೆದಿದೆ ಅನ್ಸುತ್ತೆ."

"ಹೌದು ಮೇಷ್ಟ್ರೇ, ಟೇಪೇ," ಎಂದೆ, ಸ್ವಲ್ಪ ಜಾಸ್ತಿಯೇ ಅವಸರದಲ್ಲಿ.

"ಬೇರೆ ಸ್ಟುಡಿಯೋದ್ದು ಹಾಕು. ಅದೇ ವರ್ಷದ್ದು."

ಹಾಕಿದೆ. ಅಷ್ಟೇ ಹಳೆಯ ಟೇಪು, ದುಂಡುದುಂಡಗೆ ಹಾಡಿತು. ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಓಕ್‌ರಿಮ್‌ದು ಹಾಕು. ಬಲಗಡೇದನ್ನ ಮೂಲೆಗೆ ತಳ್ಳು."

ತಳ್ಳಿದೆ. ಆ ಕಡೆಯಿಂದ ಅವಳ ದನಿ ಮೈದುಂಬಿ ಬಂತು.

"ಎಳಿ."

ಎಳೆದೆ. ಸೊರಗಿತು. ಮೂರು ಸಲ ತಳ್ಳಿಸಿದರು, ಮೂರು ಸಲ ಎಳೆಸಿದರು. ನಾಲ್ಕನೆಯ ಸಲ ಕೈ ಎತ್ತಿ ಸಾಕು ಎಂದರು.

"ನನ್ನ ಮಗಳ ದನೀನ ನಾನೇ ಕತ್ತರಿಸ್ದೆ."

"ಆ ಬಾಗಿಲಿಗೆ ಮೊಳೆ ಹೊಡೆದುಬಿಡೋಣ ಮೇಷ್ಟ್ರೇ. ಇನ್ನೊಂದನ್ನೂ ಮೂಲೆಗೆ ಇಟ್ಬಿಡ್ತೀನಿ. ಕಿಟಕಿಯಿಂದ ಓಡಾಡಿದ್ರಾಯ್ತು." ನಾನು ತಮಾಷೆ ಮಾಡುತ್ತಿರಲಿಲ್ಲ.

ಅವರು ನನ್ನ ಮುಖ ನೋಡಿದರು. "ನಿಂಗೆ ಗೊತ್ತಿತ್ತು."

ತಲೆ ತಗ್ಗಿಸಿದೆ.

"ಎಷ್ಟು ದಿನದಿಂದ?"

"ಮೂವತ್ತು ವರ್ಷ ದಾಟಿತು."

"ಹೇಳ್ಬಾರ್ದಿತ್ತೇನೋ?"

"ಹೊಡೀತಿದ್ರಿ."

"ಹೊಡೆಸ್ಕೊಂಡಾದ್ರೂ ಹೇಳ್ಬೇಕಿತ್ತು ಕಣೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನನಗೆ ಅಳು ಬಂತು, ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಫೋನು ಎತ್ತಿಕೊಂಡು ಮಗಳ ನಂಬರು ಒತ್ತಿದರು. ಕಿವಿ ಮಂದವಾದ ಮೇಲೆ ಅವರು ಎಲ್ಲರ ಜೊತೆಯೂ ಲೌಡ್‌ಸ್ಪೀಕರ್ ಹಾಕಿಯೇ ಮಾತಾಡುವುದು.

"ಏನಪ್ಪ? ಗಿರಾಕಿಗಳಿದ್ದಾರೆ, ಬೇಗ ಹೇಳಿ."

"ಊಟ ಆಯ್ತಾ?"

"ಆಯ್ತು. ಇದನ್ನ ಕೇಳೋಕೆ ಫೋನ್ ಮಾಡಿದ್ರಾ?"

"ನಿನ್ನ ದನಿ ತೆಳು ಇರ್ಲಿಲ್ಲಮ್ಮ ಓಕ್‌ರಿಮ್. ಸ್ಪೀಕರ್‌ನ ನಾನು ತಪ್ಪು ಜಾಗದಲ್ಲಿ ಇಟ್ಟಿದ್ದೆ. ಅದಕ್ಕೆ ತಪ್ಪಾಗಿ ಕತ್ತರಿಸ್ದೆ. ಇವತ್ತು ಗೊತ್ತಾಯ್ತು."

ಆ ಕಡೆ ಯಾರೋ ಕಮಲದ ದಂಟಿನ ಪಲ್ಯ ಕೇಳುತ್ತಿದ್ದರು.

"ಈಗ ಹೇಳ್ತೀರಾ?" ಎಂದಳು ಕೊನೆಗೆ. "ನನ್ನ ಮಗಳಿಗೆ ಒಂದು ಜೋಗುಳ ಹಾಡಿಲ್ಲ ಅಪ್ಪ ನಾನು. ಈ ದನಿ ಕೇಳಿದ್ರೆ ಮಗು ಬೆಚ್ಚಿಬೀಳುತ್ತೆ ಅಂದ್ಕೊಂಡಿದ್ದೆ. ಅವರಪ್ಪ ಹಾಡಿ ಮಲಗಿಸ್ತಿದ್ರು. ನಾನು ಪಕ್ಕದ ರೂಮಲ್ಲಿ ಕೂತ್ಕೊಂಡು ಕೇಳ್ತಿದ್ದೆ."

ಮೇಷ್ಟ್ರು ಫೋನನ್ನು ಮಡಿಲಿಗೆ ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೆಂಗ್ ಮಾಮ ಅಲ್ಲಿದ್ದಾರಾ? ಅವರಿಗೂ ಗೊತ್ತಿರ್ಲಿಲ್ವಾ?"

"ಅವನಿಗೇನು ಗೊತ್ತು, ದಡ್ಡ," ಎಂದರು ಮೇಷ್ಟ್ರು, ನನ್ನತ್ತ ನೋಡದೆ. "ಬರೀ ವೈರು ಸುತ್ತೋನು."

ನಾನು ಫೋನಿನ ಹತ್ತಿರ ಬಗ್ಗಿದೆ. "ಗೊತ್ತಿತ್ತಮ್ಮ," ಎಂದೆ.

ಅವಳಿಂದ ಬೈಗುಳ ಬರಲೆಂದು ಕಾದೆ. ಗಿರಾಕಿ ಮತ್ತೆ ಕೂಗಿದ. "ಬಂದೆ, ಹಾಕ್ಕೊಡ್ತೀನಿ ಇರಿ," ಎಂದಳು ಓಕ್‌ರಿಮ್, ಅವನಿಗೆ. ಆ ಪುಟ್ಟ ಫೋನಿನಲ್ಲೂ ಆ ಮಾತು ಕೋಣೆ ತುಂಬ ದುಂಡಗೆ ಕೇಳಿತು. ಆಮೇಲೆ ಫೋನು ಕಟ್ಟಾಯಿತು.