ಆಡೂ ಮೂಸದ ಗಿಡ

ಜೊತೆಗಾರ್ತಿ ಬೇರೆ ಕೆಲಸ ಹಿಡಿದು ಹೋದ ಮೇಲೆ ಮರುಭೂಮಿಯ ಸಂಶೋಧನಾ ಕೇಂದ್ರದಲ್ಲಿ ಅವಳೊಬ್ಬಳೇ ಉಳಿದಳು. ಕುರುಚಲು ಗಿಡದ ಟೊಂಗೆಗೆ ಪಾರದರ್ಶಕ ಚೀಲ ಕಟ್ಟಿ, ಎಲೆಗಳು ಬಿಡುವ ಆವಿಯನ್ನು ಗಾಜಿನ ನಳಿಗೆಗೆ ಎಳೆದುಕೊಳ್ಳುವುದು ಅವಳ ಕೆಲಸ. ಹುಳು ಕಚ್ಚಿದರೆ ಸಾಕು, ಗಿಡ ತನ್ನ ಘಾಟು ಹೆಚ್ಚಿಸಿಕೊಳ್ಳುತ್ತಿತ್ತು. ಹಸಿದ ಆಡು ಕೂಡ ಮುಖ ತಿರುಗಿಸಿ ಹೋಗುತ್ತಿತ್ತು.

ರಜೆ ಸಿಕ್ಕಾಗ ಅವಳು ಅಕ್ಕನ ಮನೆಗೆ ಹೋದಳು. ಅಪ್ಪಿಕೊಳ್ಳಲು ಓಡಿಬಂದ ಅಕ್ಕನ ಪುಟ್ಟ ಮಗಳು ಅರ್ಧದಲ್ಲೇ ನಿಂತು ಮೂಗು ಮುಚ್ಚಿಕೊಂಡಳು.

"ಚಿಕ್ಕಮ್ಮಾ, ನೀನ್ಯಾಕೆ ಡಾಂಬರಿನ ಥರ ನಾರ್ತೀಯ?"

"ನಂಗೇನೂ ವಾಸನೆ ಬರ್ತಿಲ್ವಲ್ಲೇ."

"ಅದಕ್ಕೇ ಯಾವ ಗಂಡೂ ನಿನ್ನ ಹತ್ರ ಸುಳಿಯಲ್ಲ," ಎಂದು ಅಕ್ಕ ನಕ್ಕಳು. ಅವಳೂ ನಕ್ಕಳು, ಆದರೆ ಒಳಗೆಲ್ಲೋ ಚುರುಕ್ಕೆಂದಿತು. ಬಟ್ಟೆಗಳನ್ನೆಲ್ಲ ಬಿಸಿನೀರಲ್ಲಿ ನೆನೆಹಾಕಿದ್ದಾಯಿತು, ತಲೆಗೆ ಎರೆದುಕೊಂಡದ್ದಾಯಿತು. ಆದರೂ ಅವಳ ಹಾಸಿಗೆ ಹಿಂದಿನ ಕೋಣೆಯಲ್ಲೇ ಬಿತ್ತು. ವಾಸನೆ ಹೋಗಿ ಮಗು ತೊಡೆಯೇರುವಷ್ಟರಲ್ಲಿ ರಜೆ ಮುಗಿದಿತ್ತು.

ಕೇಂದ್ರದ ಎದುರು ಜೀಪಿನಿಂದ ಇಳಿದಾಗ ಘಾಟು ರಪ್ಪನೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಎಂಥಾ ನಾತ ಕಣೇ ಇದು! ಹೇಗೆ ತಡ್ಕೊಂಡ್ರಿ ನೀವೆಲ್ಲ?"

"ಒಲೆ ಮೇಲೆ ಹಾಲಿಟ್ಟಿದೀನಿ, ಆಮೇಲೆ ನಾನೇ ಮಾಡ್ತೀನಿ ಇರು," ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು.

ಅವಳು ಫೋನನ್ನು ಜೇಬಿಗೆ ಹಾಕಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿ, ಒಂದೊಂದೇ ಟೊಂಗೆಗೆ ಚೀಲ ಕಟ್ಟುತ್ತ ಹೋದಳು. ಸಂಜೆಯಾಗುವಷ್ಟರಲ್ಲಿ ಘಾಟು ಅವಳಿಗೆ ಪೂರ್ತಿ ಒಗ್ಗಿಹೋಗಿ, ಕರವಸ್ತ್ರವನ್ನು ಬಿಚ್ಚಿಟ್ಟಿದ್ದಳು. ಅಕ್ಕನ ಫೋನ್ ಮಾತ್ರ ಬರಲಿಲ್ಲ.