ಪೆರೀನಳ ಸರದಿಯ ರೊಟ್ಟಿ

"ಬಾಯಿ ತೆಗಿಯೋ ಮುದ್ಕ, ಕೋಳಿ ನುಚ್ಚು ತಿನ್ನಲ್ವಾ, ಹಂಗೆ" ಎಂದು ಕಾರಭಾರಿ ಗಿಲ್ಬೆರ್ ಬುಟ್ಟಿ ಮಗುಚಿ, ತಳದ ಪುಡಿಯನ್ನು ಪೆರೀನಳ ಮಾವನ ಅಂಗೈಗೆ ಕೊಡವಿದ. ಮುಂದಿನ ಬೆಂಚುಗಳು ನಕ್ಕವು.

ಆ ಊರ ಇಗರ್ಜಿಗೆ ವಾರಕ್ಕೊಂದು ಮನೆಯವರು ರೊಟ್ಟಿ ಸುಟ್ಟು ತರಬೇಕು. ಪಾದ್ರಿಗಳು ಮಂತ್ರಿಸಿದ ಮೇಲೆ ಕೊಯ್ದು ಹಂಚುವುದು. ಮೊದಲ ತುಂಡು, ದೊಡ್ಡ ತುಂಡು, ಜಮೀನಿನ ಒಡೆಯರಿಗೆ. ಆಮೇಲೆ ಕಾರಭಾರಿಗೆ, ಎತ್ತುಗಾಡಿ ಉಳ್ಳವರಿಗೆ. ಬಾಗಿಲ ಬಳಿಯ ಕೂಲಿಯವರನ್ನು ಮುಟ್ಟುವ ಹೊತ್ತಿಗೆ ದೇವರ ಪ್ರಸಾದ ಧೂಳಾಗಿರುತ್ತಿತ್ತು.

ಮುಂದಿನ ಭಾನುವಾರ ಪೆರೀನಳ ಸರದಿ.

"ಇದೇನೇ, ಉಂಡೆ ಕಟ್ತಾ ಇದ್ದೀಯ?" ಎಂದ ಗಂಡ ಮಾತುರೆನ್.

"ಒಂದೇ ರೊಟ್ಟಿ ಸುಟ್ರೆ ನ್ಯಾಯ ಕುಯ್ಯೋನ ಕೈಲಿರ್ತದೆ. ತಲೆಗೊಂದು, ಒಂದೇ ಅಳ್ತೆ ಉಂಡೆ ಕಟ್ಟಿದ್ರೆ ನನ್ ಕೈಲಿ."

"ಮೊನ್ನೆ ಪ್ಯಾರಿಸ್ಸಿಂದ ಬಂದಿದ್ದ ಆ ಸೂಜಿ ಮಾರೋನು ನಿನ್ ತಲೆ ಕೆಡ್ಸವ್ನೆ. ಹುಟ್ತಾ ಎಲ್ರೂ ಸಮ, ಒಡೆತನ ದೇವ್ರು ಕೊಟ್ಟಿದ್ದಲ್ಲ ಅಂತ."

"ಅವ್ನು ಪ್ಯಾರಿಸ್ಸಿಂದ ಹೊತ್ಕೊಂಡು ಬರ್ಬೇಕಿತ್ತಾ ಅದ? ಈ ಊರ ಕೂಸ್ಗಳನ್ನೆಲ್ಲ ಹೆರಿಗೇಲಿ ಹಿಡ್ದೋಳು ನಮ್ಮವ್ವ. ಒಡೇರೂ ಬರೀ ಕುಂಡೀಲೇ ಬಂದ್ರಂತೆ."

"ಗೇಣಿ ಹೊಲ ಕಿತ್ಕೊಂಡ್ರೆ ಏನ್ ತಿಂತೀಯೆ?"

ಅವಳ ಕೈ ನಿಂತಿತು. ಆ ಹೊಲವೇ ಅವರ ಹೊಟ್ಟೆ. ಒಡೆಯರು ಹುಬ್ಬು ಗಂಟಿಕ್ಕಿದರೆ ಗೇಣಿ ಹೊಸದಾಗುವ ಸಂತ ಮಾರ್ಟಿನರ ಹಬ್ಬಕ್ಕೆ ಬೀದಿಯೇ ಗತಿ. "ನಿಮ್ಮಪ್ಪ ಅಂಗೈ ನೆಕ್ಕಿದ್ದು ನೋಡ್ಲಿಲ್ವಾ?" ಎಂದಳು.

ಮಾತುರೆನ್ ಅಂಗಿಯ ತೋಳು ಮಡಚಿ ತಾನೂ ಒಂದು ಉಂಡೆ ಕಟ್ಟಿದ.

"ದಪ್ಪ ಆಯ್ತು ಕಣೋ, ಒಡೇರ ಮಗನೇ" ಎಂದು ಅವಳು ನಕ್ಕು, ಚಿವುಟಿ ಸರಿಮಾಡಿದಳು.

ಭಾನುವಾರ ಮುದಿ ಪಾದ್ರಿಗಳು ಬುಟ್ಟಿಯ ಬಟ್ಟೆ ಸರಿಸಿ, ಒಂದೇ ಅಳತೆಯ ಪುಟ್ಟ ರೊಟ್ಟಿಗಳನ್ನು ಕಂಡು ಕ್ಷಣ ತಡೆದರು. ಆಮೇಲೆ ಎಂದಿನಂತೆಯೇ ತೀರ್ಥ ಚಿಮುಕಿಸಿದರು.

"ಒಡೇರ ತುಂಡು ಎಲ್ಲೇ, ಮುಂಡೆ?" ಗಿಲ್ಬೆರ್ ಗುರುಗುಟ್ಟಿದ.

"ಅದ್ರೊಳಗೇ ಐತೆ ಬುದ್ದಿ. ಯಾವ್ದು ಅಂತ ನನ್ಗೂ ತಿಳೀದು."

"ಸ್ವಾಮಿ, ನೀವಾರ ಹೇಳಿ ಇವಳ್ಗೆ."

"ಮಂತ್ರಿಸಿ ಆಯ್ತಲ್ಲಪ್ಪ" ಎಂದರು ಪಾದ್ರಿಗಳು. "ಇನ್ನು ಅದು ದೇವರದು."

"ಹಬ್ಬಕ್ಕೆ ನಿನ್ ಹೊಲ ಹೋಯ್ತು ಅಂತ ತಿಳ್ಕೊ" ಎಂದು ಗಿಲ್ಬೆರ್ ಪೆರೀನಳ ಕಡೆ ತಿರುಗಿದ.

"ಹಬ್ಬ ದೂರ ಐತೆ. ಇವತ್ತು ನನ್ ಸರದಿ."

ಪೆರೀನ್ ಬುಟ್ಟಿಯನ್ನು ಸೊಂಟಕ್ಕೇರಿಸಿ, ಒಡೆಯರ ಮಖಮಲ್ಲಿನ ಪೀಠಕ್ಕೆ ಬೆನ್ನು ಹಾಕಿ, ಸೀದಾ ಬಾಗಿಲಿಗೆ ನಡೆದಳು. ಅಲ್ಲಿ ಹಂದಿ ಕಾಯುವ ವಿಧವೆ ಗಾಬರಿಯಾದಳು.

"ನಂಗೇ ಮೊದ್ಲಾ, ಮಗಾ?"

"ಹೊರ್ಗಿಂದ ಬರೋ ದೇವ್ರಿಗೆ ಮೊದ್ಲು ಸಿಕ್ಕೋಳು ನೀನೇ ಅಲ್ವಾ, ಚಿಕ್ಕವ್ವ? ತಿನ್ನು."

ಮುದುಕಿ ಕಚ್ಚಿದಳು. ಪಕ್ಕದವನು ಕಚ್ಚಿದ. ಸಾಲಿನಿಂದ ಸಾಲಿಗೆ ಜಗಿಯುವ ಸದ್ದು, ಅದರ ನಡುವೆ ಯಾರದೋ ಕಿಸಕ್ಕನೆ ನಗು, ಮುಂದಕ್ಕೆ ಬರತೊಡಗಿತು. ಪೀಠದಲ್ಲಿ ಒಡೆಯರು ಅಭ್ಯಾಸಬಲದಿಂದ ಚಾಚಿದ್ದ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು.