ಪುಡಿ ಕೋಣೆಯವರು

ಚಿಕ್ಕಮ್ಮನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಬೇಕಾಗುತ್ತಿತ್ತು. ಇದ್ದದ್ದು ಐದೇ ಗುಂಡಿ. ಮೂರನೆಯದಕ್ಕೆ ಬರುವ ಹೊತ್ತಿಗೆ ಬೆರಳು ಮರಗಟ್ಟುತ್ತಿದ್ದವು. ನಾನು ದರ್ಜಿ. ಅವಳ ಎಲ್ಲ ಅಂಗಿಗಳ ಗುಂಡಿ ಕಿತ್ತು ಟಿಚ್ ಬಟನ್ ಹೊಲಿದೆ. ಅದನ್ನು ಒತ್ತುವುದಕ್ಕೂ ಅವಳಿಗೆ ಹೊತ್ತು ಬೇಕು.

"ಮದುವೆ ಹುಡುಗೀನೂ ಇಷ್ಟೊತ್ತು ಸಿಂಗಾರ ಮಾಡ್ಕೊಳ್ಳಲ್ಲ ಚಿಕ್ಕಮ್ಮ," ಎಂದೆ.

"ನನ್ನ ನೋಡೋಕೆ ಯಾರೋ ಬರ್ತಾರೆ. ನಿಂಗೆ ಹೇಳಿಲ್ಲ ಅಷ್ಟೇ."

ಮಾತಿನಲ್ಲಿ ಇನ್ನೂ ಖಾರವಿತ್ತು, ದನಿ ಮಾತ್ರ ಬಾವಿಯ ತಳದಿಂದ ಬಂದಂತಿತ್ತು. ಹಿಂದೆ ಅವಳು ಕೂಗಿದರೆ ಬೀದಿಯ ಆಚೆ ತುದಿಯವರೆಗೂ ಕೇಳುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಮ್ಮನ ಈ ತಂಗಿ. ಬ್ಯಾಟರಿ ಸೆಲ್ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದಳು. ಕಪ್ಪು ಪುಡಿಯನ್ನು ಜರಡಿ ಹಿಡಿಯಬೇಕು, ಅಳೆಯಬೇಕು, ಕಲಸುವ ಯಂತ್ರಕ್ಕೆ ಸುರಿಯಬೇಕು. ಸಂಜೆ ಬಾಗಿಲಲ್ಲಿ ನಿಂತರೆ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು. ಮೂರು ವರ್ಷದ ಕೆಳಗೆ, ಕೈ ನಿಧಾನವಾಯಿತು ಎಂದು ಕೆಲಸದಿಂದ ಬಿಡಿಸಿದರು.

ಆಮೇಲೆ ಕಾಲಿಗೂ ಬಂತು. ಹಿಮ್ಮಡಿ ಊರದೆ, ಎದೆ ಮುಂದಿಟ್ಟು, ಹುಂಜದ ಹಾಗೆ ತುದಿಗಾಲಲ್ಲಿ ನಡೆಯತೊಡಗಿದಳು. ನಿಂತಲ್ಲೇ ಮೂಟೆಯ ಹಾಗೆ ಹಿಂದಕ್ಕೆ ಬೀಳುತ್ತಿದ್ದಳು. ಒಲೆ ಹಚ್ಚಿ ಮರೆಯುತ್ತಿದ್ದಳು. ಎದುರು ಮನೆಯ ಯಜಮಾನ ಸತ್ತಾಗ ಹೆಣದ ಮುಂದೆ ನಿಂತು ಕಿಲಕಿಲ ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ನಾನು ಎಳೆದುಕೊಂಡು ಬಂದೆ.

"ಬೇಕಂತ ನಕ್ಕಿಲ್ಲ ಕಣೇ," ಎಂದಳು ಮನೆಯಲ್ಲಿ. "ತಾನಾಗೇ ಬಂತು. ಒಳ್ಳೆ ಮನುಷ್ಯ. ಪಾಪ."

ಬೀದಿಯವರು ಅರಳುಮರಳು ಎಂದರು.

"ಅರವತ್ತಕ್ಕೆ ಅರಳುಮರಳು ಅಂತಾರೆ," ಎಂದೆ. "ನಿಂಗೆ ಐವತ್ಮೂರಕ್ಕೇ ಏನವಸರ?"

"ಕೆಲಸಕ್ಕೂ ಹೀಗೇ, ಸೈರನ್‌ಗೆ ಮುಂಚೆ ಹೋಗ್ತಿದ್ದೆ."

ಮೊದಲು ಕಾರ್ಖಾನೆಯ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಿಗೆ ಕೆಲಸದ ಹೆಂಗಸರು ಇಟ್ಟ ಹೆಸರು ಕೆಂಪು ಗುಳಿಗೆ. ತಲೆನೋವಿಗೂ ಅದೇ, ಬಸಿರಿಗೂ ಅದೇ. ಅವರು ಚಿಕ್ಕಮ್ಮನ ಮುಖ ನೋಡಿದರು, ಚೀಟಿ ನೋಡಿದರು, "ವಯಸ್ಸಾಯ್ತಲ್ಲಮ್ಮ," ಎಂದರು.

"ನಿಮಗೆಷ್ಟು ಡಾಕ್ಟ್ರೇ?"

"ಅರವತ್ತೆಂಟು."

"ಹಾಗಾದ್ರೆ ನೀವು ನನಗಿಂತ ಮುಂಚೆ ಬೀಳ್ಬೇಕಿತ್ತು."

ಕೆಂಪು ಗುಳಿಗೆ ಕೊಟ್ಟು ಕಳಿಸಿದರು.

ಆಮೇಲೆ ದೊಡ್ಡ ಆಸ್ಪತ್ರೆ. ಎರಡು ಬಸ್ಸು ಬದಲಿಸಬೇಕು. ಬಸ್ಸಿನ ಮೆಟ್ಟಿಲು ಇಳಿಸುವಾಗ ನಾನು ಕೆಳಗೆ ನಿಂತು ಅವಳನ್ನು ತಬ್ಬಿಕೊಳ್ಳಬೇಕು. "ಸಾಕು ಬಿಡು, ಜನ ಏನಂದ್ಕೋತಾರೆ," ಎನ್ನುವಳು. ಮೂಳೆಯವರು ಮೂಳೆ ಚೆನ್ನಾಗಿದೆ ಎಂದು ಮನಸ್ಸಿನವರ ಹತ್ತಿರ ಕಳಿಸಿದರು. ಮನಸ್ಸಿನವರು ನಿದ್ದೆ ಮಾತ್ರೆ ಕೊಟ್ಟು ಕಣ್ಣಿನವರ ಹತ್ತಿರ ಕಳಿಸಿದರು. ಕಣ್ಣಿನವರು ರಜೆಯಲ್ಲಿದ್ದರು. ನನ್ನ ಹೊಲಿಗೆ ಯಂತ್ರದ ಮೇಲೆ ಗಿರಾಕಿಗಳ ಬಟ್ಟೆ ಗುಡ್ಡೆ ಬಿತ್ತು.

ಐದನೆಯ ಸಲ ಹೋದಾಗ ನರದ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಚಿಕ್ಕ ವಯಸ್ಸು, ಮುಖದಲ್ಲಿ ದಣಿವು. ಚಿಕ್ಕಮ್ಮನ ಕೈಗೆ ಕಾಗದ ಕೊಟ್ಟು, "ನಿಮ್ಮ ಹೆಸರು ಬರೀತಾ ಹೋಗಿ," ಎಂದರು. ಮೊದಲ ಸಾಲು ಕಡಲೆಕಾಳಿನ ಗಾತ್ರ. ನಾಲ್ಕನೆಯ ಸಾಲಿನಲ್ಲಿ ಅಕ್ಷರ ಇರುವೆಯಾಯಿತು.

"ಕಾಗದ ಉಳಿಸ್ತಿದ್ದೀನಿ," ಎಂದಳು ಚಿಕ್ಕಮ್ಮ.

ಡಾಕ್ಟರಮ್ಮ ನಗಲಿಲ್ಲ. "ಏನು ಕೆಲಸ ಮಾಡ್ತಿದ್ರಿ?"

ಅಷ್ಟು ದಿನ ಅಷ್ಟು ಬಾಗಿಲು ತಟ್ಟಿದ್ದೆವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಪುಡಿ," ಎಂದಳು ಚಿಕ್ಕಮ್ಮ. "ಸೆಲ್ಲಿನ ಕಪ್ಪು ಪುಡಿ. ಪುಡಿ ಕೋಣೇಲಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಿಟಕಿ ಇತ್ತೇ, ಮೂಗಿಗೆ ಏನು ಕಟ್ಟುತ್ತಿದ್ದಿರಿ, ದಿನಕ್ಕೆ ಎಷ್ಟು ಗಂಟೆ ಎಂದೆಲ್ಲ ಕೇಳಿದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಆ ಪುಡಿಯಲ್ಲಿ ಮ್ಯಾಂಗನೀಸ್ ಎಂಬ ಲೋಹ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಮಿದುಳಿಗೆ ಇಳಿಯುತ್ತದೆ. ನಡಿಗೆ, ದನಿ, ಮರೆವು, ಬೇಡದ ನಗು, ಎಲ್ಲ ಅದರಿಂದಲೇ ಇರಬಹುದು.

"ರಕ್ತ ಪರೀಕ್ಷೆ ಮಾಡಿ," ಎಂದೆ.

"ಕೆಲಸ ಬಿಟ್ಟು ಮೂರು ವರ್ಷ ಆಯ್ತಲ್ಲಮ್ಮ, ಈಗ ರಕ್ತದಲ್ಲಿ ಸಿಗಲ್ಲ. ಎಷ್ಟು ವರ್ಷ ಆ ಪುಡೀಲಿದ್ರು ಅಂತ ಕಾರ್ಖಾನೆಯಿಂದ ಬರೆಸ್ಕೊಂಡು ಬನ್ನಿ. ಅದಿಲ್ಲದೆ ಕಾರಣ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ."

"ವಾಸಿಯಾಗುತ್ತಾ?"

"ಇಲ್ಲ. ಬಿಗಿತ ಸ್ವಲ್ಪ ಕಮ್ಮಿ ಆಗೋಕೆ ಮಾತ್ರೆ ಕೊಡ್ತೀನಿ."

ಚಿಕ್ಕಮ್ಮ ನನ್ನ ಕಡೆ ತಿರುಗಿ, "ಅಂತೂ ನಾನು ಹುಚ್ಚಿ ಅಲ್ಲ ಅಂತಾಯ್ತು," ಎಂದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಬಸ್ಸಿನಲ್ಲಿ ಮಾತ್ರ ನನ್ನ ಕೈ ಬಿಡಲಿಲ್ಲ.

ಕಾರ್ಖಾನೆಯ ಅಧಿಕಾರಿ ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಕಂಪ್ಯೂಟರಿನಲ್ಲಿ ಹುಡುಕಿ, "ಇವರು ಪ್ಯಾಕಿಂಗ್ ವಿಭಾಗ," ಎಂದರು.

"ಇಲ್ಲ ಸಾರ್, ಪುಡಿ ಕೋಣೆ," ಎಂದೆ.

"ಪುಡಿ ಕೋಣೆ ಅಂತ ನಮ್ಮಲ್ಲಿ ಯಾವ ವಿಭಾಗಾನೂ ಇಲ್ಲಮ್ಮ. ದಾಖಲೇಲಿ ಎಲ್ಲ ಹೆಂಗಸರೂ ಪ್ಯಾಕಿಂಗೇ."

"ಹಾಗಾದ್ರೆ ಹತ್ತೊಂಬತ್ತು ವರ್ಷ ನಾನು ಎಲ್ಲಿಗೆ ಬರ್ತಿದ್ದೆ ಸಾರ್?" ಎಂದು ಕೇಳಿದ ಚಿಕ್ಕಮ್ಮನಿಗೆ ನಗು ಬಂತು. ಅದು ರೋಗದ ನಗುವೋ, ನಿಜವಾದ ನಗುವೋ ನನಗೂ ಗೊತ್ತಾಗಲಿಲ್ಲ. ಅಧಿಕಾರಿ ಸಿಟ್ಟಾಗಿ ಎದ್ದು ನಿಂತರು.

ಮನೆಗೆ ಬಂದು ನಾನು ಅತ್ತೆ. "ಬರ್ಕೋ," ಎಂದಳು ಚಿಕ್ಕಮ್ಮ.

"ಏನನ್ನ?"

"ನನ್ನ ಎಡಕ್ಕೆ ಸೀನಕ್ಕ. ಬಲಕ್ಕೆ ಉದ್ದಕ್ಕ. ಎದುರಿಗೆ ಬಾಯಿಬಡಕಿ. ಅವಳ ಪಕ್ಕ ಜಡೆಯವಳು..."

ಮಧ್ಯಾಹ್ನ ಉಂಡದ್ದು ನೆನಪಿಲ್ಲದವಳು ಪುಡಿ ಮೇಜಿನ ಸುತ್ತ ನಿಂತವರನ್ನು ಒಬ್ಬರೂ ತಪ್ಪದೆ, ಅವರ ಬೀದಿಯ ಸಮೇತ ಹೇಳಿದಳು. ಅವಳೂ ಸೇರಿ ಹದಿಮೂರು ಜನ.

ಅಂಗಡಿಗೆ ಬೀಗ ಹಾಕಿ ಹುಡುಕಲು ಹೊರಟೆ. ಬಾಯಿಬಡಕಿ ಎಂಬ ಹೆಂಗಸು ಗೋಡೆಗೊರಗಿ ಕೂತಿದ್ದಳು. ಬಾಯಿಂದ ಒಂದು ಮಾತಿಲ್ಲ. "ನಮ್ಮತ್ತೆ ಯಾವಾಗಲೂ ಹೀಗೆ ಮುಖ ಬಿಗಿದುಕೊಂಡೇ ಇರ್ತಾರೆ. ನಾನು ಮಾಡಿದ್ದು ಯಾವುದೂ ಹಿಡಿಸಲ್ಲ," ಎಂದಳು ಸೊಸೆ. ಇದು ಸಿಟ್ಟಲ್ಲ, ರೋಗ, ನಗಬೇಕೆಂದರೂ ಮುಖ ಕೇಳುವುದಿಲ್ಲ ಎಂದು ನಾನು ವಿವರಿಸಿದೆ. ಸೊಸೆ ಕೇಳಿಸಿಕೊಂಡು ಅತ್ತೆಯ ಪಕ್ಕ ಹೋಗಿ ಕೂತಳು. ಉದ್ದಕ್ಕನ ಗಂಡ, "ಸೋಮಾರಿ. ಒಂದು ಕೊಡ ನೀರು ತರೋಕೆ ಬೆಳಗಿಂದ ಸಂಜೆ ಮಾಡ್ತಾಳೆ," ಎಂದ. ಉದ್ದಕ್ಕ ಎದ್ದು ಬಂದಳು, ಹುಂಜದ ಹಾಗೆ, ತುದಿಗಾಲಲ್ಲಿ.

ಇಬ್ಬರು ಸತ್ತಿದ್ದರು. ಇಬ್ಬರು ಊರು ಬಿಟ್ಟಿದ್ದರು. ಚಿಕ್ಕಮ್ಮನೂ ಸೇರಿ ಒಂಬತ್ತು ಜನ ಉಳಿದಿದ್ದರು.

ಒಂಬತ್ತು ಜನರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಕ್ಕಳು, ಸೊಸೆಯಂದಿರು, ಉದ್ದಕ್ಕನ ಗಂಡ ಕೂಡ ಬಂದ. ಬೆಂಚು ಸಾಲಲಿಲ್ಲ.

"ಎಲ್ಲ ಒಂದೇ ಮನೆಯವರಾ?" ಎಂದ ಕಾವಲುಗಾರ.

"ಒಂದೇ ಕೋಣೆಯವರು," ಎಂದಳು ಚಿಕ್ಕಮ್ಮ.

ಡಾಕ್ಟರಮ್ಮ ಹೊರಗೆ ಬಂದು ಒಬ್ಬೊಬ್ಬರನ್ನೂ ನಡೆಸಿದರು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಒಂದೇ ನಡಿಗೆ ಒಂಬತ್ತು ಸಲ ಹೋಯಿತು, ಬಂತು. ಚಿಕ್ಕಮ್ಮ ಪಕ್ಕದವಳಿಗೆ, "ನೀನು ನನ್ನ ನೋಡಿ ಕಲಿತೆಯಾ?" ಎಂದಳು. ಸಾಲಿನಲ್ಲಿದ್ದ ಬೇರೆ ರೋಗಿಗಳು ಮಾತು ನಿಲ್ಲಿಸಿ ನೋಡುತ್ತಿದ್ದರು.

"ಒಬ್ಬರಾದ್ರೆ ವಯಸ್ಸು ಅಂತ ತಳ್ಳಿಬಿಡಬಹುದು," ಎಂದರು ಡಾಕ್ಟರಮ್ಮ. "ಕಾರ್ಖಾನೆ ಬರೆದುಕೊಡದಿದ್ರೆ ಬೇಡ. ನೀವೇ ಹೇಳಿ, ನಾನು ಬರ್ಕೋತೀನಿ."

ಇವಳು ಅಲ್ಲಿದ್ದಳು ಎಂದು ಅವಳು ಹೇಳಿದಳು, ಅವಳು ಅಲ್ಲಿದ್ದಳು ಎಂದು ಇವಳು. ಸಂಜೆಯ ಹೊತ್ತಿಗೆ ಒಂಬತ್ತು ಚೀಟಿ ಕೈಗೆ ಬಂದವು. ಕೆಲಸ: ಪುಡಿ ಕೋಣೆ. ರೋಗದ ಹೆಸರು, ಕಾರಣ, ಮೊಹರು, ಸಹಿ.

ಮಾರನೆಯ ದಿನ ಮಧ್ಯಾಹ್ನ ಚೀಟಿಗಳನ್ನು ಹಿಡಿದು ಕಾರ್ಖಾನೆಯ ಗೇಟಿಗೆ ಹೋದೆವು. ಊಟದ ಬಿಡುವು. ಕೆಲಸದ ಹುಡುಗಿಯರು ಹೊರಗೆ ನೆರಳಲ್ಲಿ ಕೂತಿದ್ದರು. ಎಂಟು ಹತ್ತು ಜನರ ಮೊಣಕೈವರೆಗೂ ಕಪ್ಪು. ಅವರು ಬುತ್ತಿ ಹಿಡಿದುಕೊಂಡೇ ನಮ್ಮ ಸುತ್ತ ಬಂದರು.

"ಏನಾಯ್ತು ನಿಮಗೆಲ್ಲ?" ಎಂದಳು ಒಬ್ಬಳು.

ಚಿಕ್ಕಮ್ಮ ತನ್ನ ಚೀಟಿಯನ್ನು ಅವಳ ಕೈಗೆ ಕೊಟ್ಟಳು. ಅವಳು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ತನ್ನ ಕೈ ನೋಡಿಕೊಂಡಳು. ಆಮೇಲೆ ಅಲ್ಲೇ, ಗೇಟಿನ ಎದುರಿಗೆ, ಮಣ್ಣಿನಲ್ಲಿ ಕೂತಳು. ಉಳಿದವರೂ ಕೂತರು. ನಮ್ಮವರನ್ನು ನಾವು ಹಿಡಿದು ಕೂರಿಸಿದೆವು.

ಅಧಿಕಾರಿ ಹೊರಗೆ ಬಂದರು. ಇವತ್ತೂ ಬಹಳ ಮರ್ಯಾದೆ. "ಒಳಗೆ ಬನ್ನಿ, ಕೂತು ಮಾತಾಡೋಣ."

"ಆಗಲೇ ಕೂತಿದ್ದೀವಲ್ಲ," ಎಂದಳು ಚಿಕ್ಕಮ್ಮ.

ಚೀಟಿ ಓದಿದ ಹುಡುಗಿ ತಲೆ ಎತ್ತಿದಳು. "ಸಾರ್, ನನ್ನ ಹೆಸರಿನ ಮುಂದೆ ಯಾವ ವಿಭಾಗ ಅಂತ ಬರ್ದಿದೆ?"

ಅಧಿಕಾರಿ ಗಡಿಯಾರ ನೋಡಿದರು. ಸೈರನ್ ಕೂಗಿತು. ಗೇಟು ತೆರೆದೇ ಇತ್ತು. ಒಳಗೆ ಹೋಗಬೇಕಾದವರಲ್ಲಿ ಒಬ್ಬರೂ ಏಳಲಿಲ್ಲ.